ಅಮ್ಮ ಹಾಕದ ವೇಷ

ಬಾಗಿಲು ತೆಗೆದು ಒಳಗೆ ಬಂದ ಅಮ್ಮ ಚಪ್ಪಲಿಯನ್ನೂ ಬಿಡದೆ "ಶುರು" ಅಂದಳು.

ನೆಲದ ಮೇಲೆ ಬೋರಲಾಗಿ ಮಲಗಿ ಭೂಪಟಕ್ಕೆ ಬಣ್ಣ ಹಚ್ಚುತ್ತಿದ್ದ ಮಿಡತೆ ಪೆನ್ಸಿಲ್ ಬಿಟ್ಟು ಎದ್ದಳು. ಹನ್ನೊಂದು ವರ್ಷದ ಹುಡುಗಿ. ಕಾಲು ಉದ್ದ, ನಡೆಯುವುದಕ್ಕಿಂತ ನೆಗೆಯುವುದೇ ಹೆಚ್ಚು ಎಂದು ಅಪ್ಪ ಇಟ್ಟ ಹೆಸರು ಅದು.

"ಏನೋ ತಿಂದೆ. ಬಾಯಿ ತುರಿಸ್ತಿದೆ. ನಾಲಿಗೆ ದಪ್ಪ ಆಗ್ತಿದೆ," ಎಂದು ಪಾಠ ಒಪ್ಪಿಸುವ ದನಿಯಲ್ಲಿ ಹೇಳುತ್ತ ಅವಳು ಬಾಗಿಲ ಹಿಂದಿನ ಮೊಳೆಯಿಂದ ಕೆಂಪು ಚೀಲ ಇಳಿಸಿದಳು. ಒಳಗಿಂದ ಬೂದು ಬಣ್ಣದ ಪೆನ್ನು ತೆಗೆದು, ಮುಚ್ಚಳ ಎಳೆದು, ಬಟ್ಟೆಯ ಮೇಲಿಂದಲೇ ತೊಡೆಯ ಹೊರಮಗ್ಗುಲಿಗೆ ಒತ್ತಿದಳು. ಟಿಕ್ ಎಂದಿತು. ಒತ್ತಿ ಹಿಡಿದುಕೊಂಡೇ ರಾಗವಾಗಿ ಎಣಿಸಿದಳು. ಕೆಟ್ಟುಹೋದ ಹಳೆಯ ಫೋನನ್ನು ಕಿವಿಗಿಟ್ಟುಕೊಂಡು ಮನೆಯ ವಿಳಾಸ ಹೇಳಿದಳು. ಆಮೇಲೆ ನೆಲದ ಮೇಲೆ ಮಲಗಿ ಎರಡೂ ಕಾಲನ್ನು ಗೋಡೆಗೆ ಎತ್ತಿ ಇಟ್ಟಳು.

"ಮುಗೀತು. ಬಣ್ಣ ಹಚ್ಲಾ?"

"ಏನು ತಿಂದೆ ಅಂತ ಹೇಳೋದು ಬಿಟ್ಟೆ."

"ನಾನೇನೂ ತಿಂದೇ ಇಲ್ವಲ್ಲಮ್ಮ."

"ತಿಂದಿದ್ರೆ?"

"ತಿಂದಿದ್ರೆ ಹೇಳ್ತಿದ್ದೆ."

ಅಮ್ಮನಿಗೆ ವಾದಿಸುವ ತ್ರಾಣ ಇರಲಿಲ್ಲ. ಚಪ್ಪಲಿ ಬಿಟ್ಟು, ಅಲ್ಲೇ ಹೊಸ್ತಿಲ ಬಳಿ ಗೋಡೆಗೊರಗಿ ಕೂತಳು.

ಬೂದು ಬಣ್ಣದ್ದು ಸುಳ್ಳು ಪೆನ್ನು. ಅದರಲ್ಲಿ ಸೂಜಿಯಿಲ್ಲ, ಔಷಧಿಯಿಲ್ಲ. ಎಷ್ಟು ಸಲ ಒತ್ತಿದರೂ ಮತ್ತೆ ಮೊದಲಿನಂತಾಗುತ್ತದೆ. ಅದೇ ಚೀಲದಲ್ಲಿ, ಅದರ ಪಕ್ಕದಲ್ಲೇ, ಹಳದಿ ಪೆನ್ನೊಂದು ಇದೆ. ಅದು ನಿಜದ್ದು, ಒಂದೇ ಸಲಕ್ಕೆ ಬರುವಂಥದ್ದು. ಗೋಡಂಬಿಯ ಚೂರು ಮಿಡತೆಯ ಹೊಟ್ಟೆಗೆ ಹೋದರೆ, ಉಸಿರಿನ ದಾರಿ ಮುಚ್ಚಿಕೊಳ್ಳುವ ಮೊದಲು ಆ ಹಳದಿ ಪೆನ್ನಿನ ಔಷಧಿ ತೊಡೆಗೆ ಇಳಿಯಬೇಕು. ಮಗು ಚಿಕ್ಕದಿದ್ದಾಗ ಒಮ್ಮೆ ಹಾಗಾಗಿತ್ತು. ಆಗ ಮನೆಯಲ್ಲಿ ಪೆನ್ನೂ ಇರಲಿಲ್ಲ, ಏನಾಗುತ್ತಿದೆ ಎಂಬ ತಿಳಿವಳಿಕೆಯೂ ಇರಲಿಲ್ಲ. ಊದಿಕೊಂಡ ಆ ಪುಟ್ಟ ಮುಖ ಹೊಲಿಗೆ ಮೆಷಿನ್ನಿನ ಮುಂದೆ ಕೂತಾಗಲೂ ಅಮ್ಮನ ಕಣ್ಣಿಗೆ ಕಟ್ಟುತ್ತದೆ.

"ಇನ್ನೆಷ್ಟು ದಿನ ಅಂತ ನೀವೇ ಕಾಯ್ತೀರಿ? ದೊಡ್ಡವಳಾಗ್ತಿದ್ದಾಳೆ. ಅವಳನ್ನ ಅವಳೇ ನೋಡ್ಕೊಳ್ಳೋದು ಕಲಿಸಿ," ಎಂದು ಡಾಕ್ಟರಮ್ಮ ಹೇಳಿದ್ದರು. ಹೇಗೆ ಕಲಿಸುವುದು ಎಂದು ಅಮ್ಮ ಕೇಳಲಿಲ್ಲ. ಹೊರಗೆ ಜನ ಕಾಯುತ್ತಿದ್ದರು. ಕೇಳಿದರೆ ದಡ್ಡಿ ಎಂದುಕೊಂಡಾರು ಎಂಬ ಅಳುಕೂ ಇತ್ತು.

ಕಲಿಸುವ ದಾರಿ ಅವಳಿಗೆ ಸಿಕ್ಕಿದ್ದು ಫ್ಯಾಕ್ಟರಿಯಲ್ಲಿ.

ಅದು ಶರ್ಟ್ ಹೊಲಿಯುವ ಫ್ಯಾಕ್ಟರಿ. ಅಮ್ಮನದು ಕಫ್ ಕೆಲಸ: ಬೆಳಗಿನಿಂದ ಸಂಜೆಯವರೆಗೆ ತೋಳಿನ ತುದಿಗೆ ಪಟ್ಟಿ ಕೂಡಿಸುವುದು. ಬಿಳಿ ಬಟ್ಟೆಯ ಆರ್ಡರ್ ಬಂದ ವಾರದಲ್ಲಿ ಮನೆಗೆ ಬಂದ ಮೇಲೂ ಕಣ್ಣ ಮುಂದೆ ಬಿಳಿ ಪಟ್ಟಿಗಳೇ ಹರಿದಾಡುತ್ತವೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವಳು ಎಂದು ಸೂಪರ್‌ವೈಸರ್ ಅವಳನ್ನು ಲೈನಿನ ಬೆಂಕಿ ಕಾವಲಿಗೆ ನೇಮಿಸಿದ್ದರು. ಸೀಟಿ ಊದಿದ ಕೂಡಲೇ ಹಳದಿ ಜಾಕೆಟ್ ಹಾಕಿಕೊಂಡು ಎಲ್ಲರನ್ನೂ ಮೆಟ್ಟಿಲಿಳಿಸಿ ಅಂಗಳಕ್ಕೆ ಕರೆದೊಯ್ಯಬೇಕು. ಸೂಪರ್‌ವೈಸರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಎರಡು ಮಾತಲ್ಲಿ ಮುಗಿಯುವುದನ್ನು ಅವರು ಪಾಠ ಮಾಡಿ ಹೇಳುತ್ತಿದ್ದರು.

"ಮುಂಚೆ ಹೇಳಿ ಮಾಡ್ಸಿದ್ರೆ ಅದು ಅಭ್ಯಾಸ ಅಲ್ಲಮ್ಮ, ನಾಟಕ," ಎಂದು ಅವರು ಹೇಳಿದ್ದರು. "ಯಾವಾಗ ಸೀಟಿ ಊದ್ತೀನಿ ಅಂತ ನನಗೇ ಗೊತ್ತಿರಬಾರದು. ತಲೆ ಯೋಚನೆ ಮಾಡೋಕ್ಕಿಂತ ಮುಂಚೆ ಕಾಲು ನಡೀಬೇಕು."

ಕಾಲೇನೋ ನಡೆಯುತ್ತಿತ್ತು. ಸೀಟಿ ಬಿದ್ದರೆ ಸಾಕು, ಹೆಂಗಸರು ಆಕಳಿಸುತ್ತ ಎದ್ದು, ನೀರಿನ ಬಾಟಲಿ ಹಿಡಿದು, ಮಗಳ ಮದುವೆಯ ಮಾತಾಡುತ್ತ ಇಳಿಯುತ್ತಿದ್ದರು. ಪಕ್ಕದ ಮೆಷಿನ್ನಿನ ಕಾಲರ್ ಅಕ್ಕನಂತೂ ಬೆಂಚಿನ ಕೆಳಗೆ ಬಿಟ್ಟ ಚಪ್ಪಲಿಯನ್ನು ಕಾಲಲ್ಲೇ ಹುಡುಕಿ ಹಾಕಿಕೊಂಡೇ ಏಳುವುದು.

"ಅಕ್ಕಾ, ಬೇಗ ಏಳಿ."

"ಸೀಟಿ ತಾನೇ? ಸೀಟಿ ಬಂದ್ರೆ ಚಪ್ಪಲಿ ಹಾಕ್ಕೊಂಡು ಹೋಗ್ಬೇಕು, ಸೈರನ್ ಬಂದ್ರೆ ಚಪ್ಪಲಿ ಬಿಟ್ಟು ಓಡ್ಬೇಕು. ಅಷ್ಟು ಗೊತ್ತಿಲ್ವಾ ನಿಂಗೆ, ಕಾವಲುಗಾರ್ತಿ?"

ಸೀಟಿ ಅಭ್ಯಾಸಕ್ಕೆ, ಸೈರನ್ ನಿಜಕ್ಕೆ. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅಮ್ಮ ಆ ಮಾತಿಗೆ ನಕ್ಕಿದ್ದಳು.

ಮನೆಗೆ ಅವಳು ತಂದದ್ದು ಮೇಷ್ಟ್ರ ಮಾತನ್ನು. ಹೇಳದೆ ಕೇಳದೆ "ಶುರು" ಅನ್ನುವುದು. ಮಿಡತೆ ಹಲ್ಲುಜ್ಜುವಾಗ, ಗಣಿತ ಬಿಡಿಸುವಾಗ, ಸ್ನಾನದಿಂದ ಒದ್ದೆ ತಲೆಯಲ್ಲಿ ಹೊರಗೆ ಬಂದಾಗ. ಎದ್ದ ತಕ್ಷಣ ಒಮ್ಮೆ ಮಾಡಿಸಿದ್ದಕ್ಕೆ ಹುಡುಗಿ ಅತ್ತೇಬಿಟ್ಟಿದ್ದಳು. ಆ ದಿನವಿಡೀ ಅಮ್ಮನ ಸೂಜಿ ಕಫ್ ಬಿಟ್ಟು ಆಚೀಚೆ ಹೋಗಿತ್ತು. ತಾನು ಮಾಡುತ್ತಿರುವುದು ಸರಿಯೋ ತಪ್ಪೋ, ಮಗುವಿಗೆ ಧೈರ್ಯ ತುಂಬುತ್ತಿದ್ದೇನೋ ತನ್ನ ಹೆದರಿಕೆಯನ್ನೇ ತುಂಬುತ್ತಿದ್ದೇನೋ, ಅವಳಿಗೆ ತಿಳಿಯುತ್ತಿರಲಿಲ್ಲ.

ಹೀಗೆ ಅವಸರಪಡುವುದಕ್ಕೆ ಕಾರಣವಿತ್ತು. ಮುಂದಿನ ತಿಂಗಳಿಂದ ಕಫ್ ಲೈನನ್ನು ಎರಡನೇ ಪಾಳಿಗೆ ಹಾಕುತ್ತಾರೆ. ಮಧ್ಯಾಹ್ನ ಹೋದರೆ ಬರುವುದು ರಾತ್ರಿ ಊಟದ ಹೊತ್ತಿಗೆ. ಇಷ್ಟು ದಿನ ಶಾಲೆಯಿಂದ ಬಂದ ಮಿಡತೆಯನ್ನು ಆಗಾಗ ಇಳಿದು ಬಂದೋ ತನ್ನಲ್ಲೇ ಕೂರಿಸಿಕೊಂಡೋ ನೋಡಿಕೊಳ್ಳುತ್ತಿದ್ದ ಮೇಲ್ಮನೆಯ ಅಜ್ಜಿ ತನ್ನ ತಂಗಿಯ ಊರಿಗೆ ಹೋಗಿ ನೆಲೆಸುವವಳಿದ್ದಳು. ಅಪ್ಪ ಲಿಫ್ಟ್ ರಿಪೇರಿಯವನು; ಎಲ್ಲಿ ಯಾರು ಯಾವಾಗ ಸಿಕ್ಕಿಹಾಕಿಕೊಳ್ಳುತ್ತಾರೋ ಅಲ್ಲಿಗೆ ಓಡಬೇಕು. ಅಂದರೆ ದಿನಾ ಸಂಜೆ ಹುಡುಗಿ ಮನೆಯಲ್ಲಿ ಒಬ್ಬಳೇ. ಪಾಳಿ ಒಪ್ಪಿಗೆಯೋ ಇಲ್ಲವೋ ಸೋಮವಾರ ಹೇಳಬೇಕು ಎಂದಿದ್ದರು ಮೇಷ್ಟ್ರು. ಇಲ್ಲ ಎಂದರೆ ಕೆಲಸ ಬೇಡ ಎಂದ ಹಾಗೆ. ಹೂಂ ಎನ್ನಬೇಕಾದರೆ, ಮಿಡತೆ ತನ್ನನ್ನು ತಾನು ನೋಡಿಕೊಳ್ಳಬಲ್ಲಳು ಎಂಬುದು ಅಮ್ಮನಿಗೆ ಖಾತ್ರಿಯಾಗಬೇಕಿತ್ತು.

"ಗೋಡಂಬಿ ಅಲರ್ಜಿನಾ?" ವಿಷಯ ಕೇಳಿದಾಗ ಕಾಲರ್ ಅಕ್ಕ ಹುಬ್ಬೇರಿಸಿದ್ದಳು. "ನಮಗೆ ಬರೋ ಸಂಬಳಕ್ಕೆ ನಮ್ಮೆಲ್ಲರಿಗೂ ಅದೇ ಅಲರ್ಜಿ ಕಣೇ." ಆಮೇಲೆ ಅಮ್ಮನ ಮುಖ ನೋಡಿ, ತನ್ನ ಡಬ್ಬಿಯ ಅನ್ನದಲ್ಲಿ ಅರ್ಧವನ್ನು ಅವಳ ತಟ್ಟೆಗೆ ತಳ್ಳಿ, "ತಿನ್ನು, ಗಾಳಿ ಬಂದ್ರೆ ಹಾರಿಹೋಗೋ ಹಾಗಿದ್ದೀಯ," ಎಂದಿದ್ದಳು.

ಪೆನ್ನಿನದು ಕಲಿಕೆಯ ಅರ್ಧ ಭಾಗವಷ್ಟೇ. ಇನ್ನರ್ಧ ಬೇಡ ಅನ್ನುವುದು. ಅದೇ ಕಷ್ಟದ್ದು. ಮಿಡತೆ ಮೆತ್ತಗಿನ ಹುಡುಗಿ. ಯಾರಾದರೂ ಕೈಯಲ್ಲಿಟ್ಟರೆ ಅವರಿಗೆ ಬೇಜಾರಾದೀತು ಎಂದು ತೆಗೆದುಕೊಂಡುಬಿಡುವ ಸ್ವಭಾವ. ಹಾಗಾಗಿ ಊಟವಾದ ಮೇಲೆ ಅಮ್ಮ ವೇಷ ಹಾಕುತ್ತಿದ್ದಳು. ಖಾಲಿ ತಟ್ಟೆ ಹಿಡಿದು ಗೆಳತಿಯ ತಾಯಿಯಾಗುತ್ತಿದ್ದಳು, ಕನ್ನಡಕ ಏರಿಸಿ ಟೀಚರ್ ಆಗುತ್ತಿದ್ದಳು, ಶಾಲೆಯ ವ್ಯಾನಿನ ಡ್ರೈವರ್ ಮಾಮ ಆಗುತ್ತಿದ್ದಳು. ಅಪ್ಪ ಮನೆಯಲ್ಲಿದ್ದ ದಿನ ಅವನೂ ಸೇರಿಕೊಳ್ಳುತ್ತಿದ್ದ. ತಲೆಗೆ ಟವೆಲ್ ಹೊದ್ದು ದೂರದ ಅತ್ತೆಯಾಗಿ ಬರುವುದೆಂದರೆ ಅವನಿಗೆ ಎಲ್ಲಿಲ್ಲದ ಉತ್ಸಾಹ.

"ಅಯ್ಯೋ ಕಂದಾ, ನಿಂಗೋಸ್ಕರ ಕೈಯಾರೆ ಮಾಡಿದ್ದು! ಒಂದು ಚೂರು ತಿಂದ್ರೆ ಏನಾಗತ್ತೆ? ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?"

"ಬೇಡ ಅತ್ತೆ. ಇದರಲ್ಲಿ ಏನೇನಿದೆ ಅಂತ ನಂಗೆ ಗೊತ್ತಿಲ್ಲ."

"ನಾನು ಹೇಳ್ತಿದ್ದೀನಲ್ಲ, ಏನೂ ಇಲ್ಲ!"

"ಪ್ಯಾಕೆಟ್ ತೋರ್ಸಿ, ಓದ್ತೀನಿ."

"ಕೈಯಾರೆ ಮಾಡಿದ್ದಕ್ಕೆ ಪ್ಯಾಕೆಟ್ ಎಲ್ಲಿಂದ ತರ್ಲಿ ನಾನು? ನೋಡಿದ್ಯೇನೇ ನಿನ್ನ ಮಗಳನ್ನ, ಪೊಲೀಸ್ ಆಗಿದ್ದಾಳೆ!" ಎಂದು ಅತ್ತೆ ಎದೆ ಬಡಿದುಕೊಂಡಾಗ ಮಿಡತೆ ನಗುತ್ತ ಉರುಳಾಡುತ್ತಿದ್ದಳು. ಅಮ್ಮ ಮಾತ್ರ ನಗುತ್ತಿರಲಿಲ್ಲ. "ರೀ, ಅವಳನ್ನ ನಗಿಸ್ಬೇಡಿ. ಅತ್ತೆ ನಿಜವಾಗ್ಲೂ ಬೇಜಾರು ಮಾಡ್ಕೋಬೇಕು. ಆಗ ಬೇಡ ಅಂತಾಳಾ ನೋಡೋಣ," ಎಂದು ಇನ್ನೊಮ್ಮೆ ಮಾಡಿಸುತ್ತಿದ್ದಳು.

ಒಂದು ದಿನ ಅಪ್ಪ, "ಬರೀ ನೀನೇ ಶುರು ಅಂತೀಯಲ್ಲ, ಅವಳೂ ಒಂದೊಂದು ಸಲ ಶುರು ಮಾಡ್ಲಿ," ಅಂದ. "ನೀನು ಏನು ಮಾಡ್ತೀಯ ಅಂತ ಅವಳಿಗೂ ಗೊತ್ತಾಗ್ಬೇಕಲ್ವಾ? ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರಿಗೆ ಮೊದಲು ಬೇಕಾಗಿರೋದು ರಿಪೇರಿ ಅಲ್ಲ ಕಣೇ, ಹೊರಗಡೆ ಒಬ್ಬರು ಇದ್ದಾರೆ ಅನ್ನೋ ಮಾತು."

ನ್ಯಾಯವಾಗಿಯೇ ಕಂಡಿತು. ಅಂದಿನಿಂದ ಮಿಡತೆಯೂ ಹೇಳದೆ ಕೇಳದೆ ಶುರುಮಾಡತೊಡಗಿದಳು. ಅವಳದು ಇನ್ನೂ ನಾಜೂಕು. ಶುರು ಎಂಬ ಮಾತೇ ಇಲ್ಲ. ಅಮ್ಮ ಪಾತ್ರೆ ತೊಳೆಯುವಾಗ ಹಿಂದಿನಿಂದ ಬಂದು "ಅಮ್ಮ, ಗಂಟಲು ಒಂಥರಾ ಆಗ್ತಿದೆ" ಅನ್ನುವಳು. ಮೊದಲ ಸಲ ಅಮ್ಮನ ಕೈಯ ಲೋಟ ಜಾರಿ ಬಿದ್ದಿತ್ತು. ಆಮೇಲಾಮೇಲೆ ಅವಳು ಮಗಳ ಕಣ್ಣಂಚಿನ ನಗೆಯನ್ನು ನೋಡಿ ಉಸಿರು ಬಿಟ್ಟು, ಒದ್ದೆ ಕೈಯಲ್ಲೇ "ಏನು ತಿಂದೆ? ಚೀಲ ಎಲ್ಲಿ? ಕೂತ್ಕೋ" ಎಂದು ಕೇಳುತ್ತಿದ್ದಳು. ಅದೂ ಹಳತಾಯಿತು. ಕೊನೆಕೊನೆಗೆ ಮಲಗಿದ್ದಲ್ಲಿಂದಲೇ ಕೇಳುತ್ತಿದ್ದಳು. ಮಿಡತೆ ಅಷ್ಟಕ್ಕೇ ತೃಪ್ತಳಾಗಿ, ತಾನೇ ಎಲ್ಲ ಮುಗಿಸಿ, ಚೀಲವನ್ನು ಮೊಳೆಗೆ ನೇತುಹಾಕಿ ಹೋಗುತ್ತಿದ್ದಳು.

ಆ ವಾರ ಬಿಳಿ ಶರ್ಟಿನ ಆರ್ಡರ್. ದಿನಾ ಓವರ್‌ಟೈಮ್. ಶನಿವಾರ ಅರ್ಧ ದಿನಕ್ಕೆ ಬಿಟ್ಟರು. ಬಸ್ಸಿನಲ್ಲಿ ನಿಂತೇ ಬಂದ ಅಮ್ಮ ದಾರಿಯ ಅಂಗಡಿಯಲ್ಲಿ ಬ್ರೆಡ್, ಹಾಲು, ಮಗಳಿಗೆ ಬಿಸ್ಕತ್ತಿನ ಪ್ಯಾಕೆಟ್ ತೆಗೆದುಕೊಂಡಳು. ಅದೇ ಬಿಸ್ಕತ್ತು, ಅದೇ ನೀಲಿ ಹೊದಿಕೆ. ಮಿಡತೆಗೆ ಹಲ್ಲು ಬಂದಾಗಿನಿಂದ ಆ ಮನೆಗೆ ಬರುವುದು ಅದೊಂದೇ. ಅಪ್ಪ ಕೆಲಸಕ್ಕೆ ಹೋಗಿದ್ದ. ಮಿಡತೆಯನ್ನು ಮೇಲ್ಮನೆಯಿಂದ ಕರೆತಂದು, ಬಿಸ್ಕತ್ತು ಬಿಚ್ಚಿ ಬಟ್ಟಲಿಗೆ ಹಾಕಿ ಅವಳ ಮುಂದಿಟ್ಟು, ಅಮ್ಮ ಕಿಟಕಿ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದಳು. ರೆಪ್ಪೆಯ ಒಳಗೂ ಬಿಳಿ ಪಟ್ಟಿಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು.

ನಿದ್ದೆ ಹತ್ತಿತ್ತೋ ಇಲ್ಲವೋ, ಮಗಳ ದನಿ ಕೇಳಿಸಿತು.

"ಅಮ್ಮ, ಬಾಯೆಲ್ಲ ತುರಿಸ್ತಿದೆ."

ಇವತ್ತೂ ಬಿಡಲಿಲ್ಲವಲ್ಲ ಈ ಹುಡುಗಿ ಎಂದುಕೊಂಡಳು ಅಮ್ಮ. ಬೈಯಲು ಮನಸ್ಸಾಗಲಿಲ್ಲ. ಕಲಿಸಿದವಳು ತಾನೇ.

"ಹೂಂ. ಏನು ತಿಂದೆ?"

"ಬಿಸ್ಕತ್ತು."

"ಯಾರು ಕೊಟ್ರು?"

"ನೀನೇ ಕೊಟ್ಟಿದ್ದು."

ಅಮ್ಮನಿಗೆ ಮುಚ್ಚಿದ ಕಣ್ಣಲ್ಲೇ ನಗು ಬಂತು. ಏನು ತಿಂದೆ ಎಂದು ಹೇಳುವುದನ್ನು ಈ ಸಲ ಬಿಟ್ಟಿಲ್ಲ. "ಸರಿ. ಇನ್ನೇನಾಗ್ತಿದೆ?"

"ಗಂಟಲು ಬಿಗೀತಿದೆ. ನಾಲಿಗೆ ದಪ್ಪ." ದನಿ ಒಡೆದಿತ್ತು. ಅಭಿನಯವೂ ಕಲಿತಿದ್ದಾಳೆ, ಅಪ್ಪನ ಮಗಳು. "ಪೆನ್ನು ತಗೋಳ್ಲಾ?"

"ತಗೋ ಮತ್ತೆ."

ಮೊಳೆಯಿಂದ ಚೀಲ ಇಳಿದ ಸದ್ದು. ಜಿಪ್ಪಿನ ಸದ್ದು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಮಿಡತೆ, "ಅಮ್ಮ, ಚುಚ್ಕೊಳ್ಲಾ?" ಎಂದು ಕೇಳಿದಳು.

"ಹೂಂ ಕಣೇ. ಒತ್ತಿ ಹಿಡ್ಕೋ."

ಟಕ್. ಹಲ್ಲು ಕಚ್ಚಿ ಉಸಿರೆಳೆದ ಸದ್ದು. ಆಮೇಲೆ ಎಣಿಕೆ, ರಾಗವಿಲ್ಲ, ಪಿಸುದನಿ.

"ಜೋರಾಗಿ ಎಣಿಸು, ನಂಗೆ ಕೇಳಿಸ್ತಿಲ್ಲ," ಅಂದಳು ಅಮ್ಮ.

ಎಣಿಕೆ ತುಸು ಜೋರಾಯಿತು, ಮುಗಿಯಿತು. ಅಮ್ಮನ ಮಡಿಲ ಮೇಲಿದ್ದ, ಫ್ಯಾಕ್ಟರಿಗೆ ಒಯ್ಯುವ ಕೈಚೀಲದಲ್ಲಿ ಪುಟ್ಟ ಕೈ ತಡಕಾಡಿತು. "ಫೋನು ನೀನು ಮಾಡ್ತೀಯಾ, ನಾನು ಮಾಡ್ಲಾ?"

"ನೀನೇ ಮಾಡು."

ಗುಂಡಿ ಒತ್ತಿದ ಸದ್ದುಗಳು. ಆಮೇಲೆ, ತನ್ನ ತೊಡೆಗೆ ಅಷ್ಟು ಹತ್ತಿರದಲ್ಲಿ, ಅಪ್ಪನದಲ್ಲದ, ಯಾರ ವೇಷವೂ ಅಲ್ಲದ ಹೆಂಗಸಿನ ದನಿ ಕೇಳಿತು: "ತುರ್ತು ಸೇವೆ. ಹೇಳಿ, ಏನು ತೊಂದರೆ?"

ಅಮ್ಮ ಕಣ್ಣು ತೆರೆದಳು.

ಮಿಡತೆಯ ತುಟಿ ಬೇರೆ ಯಾರದೋ ತುಟಿಯ ಹಾಗಿತ್ತು. ಕತ್ತಿನ ತುಂಬ ಕೆಂಪು ದದ್ದು. ನೆಲದ ಮೇಲೆ ಹಳದಿ ಪೆನ್ನು ಬಿದ್ದಿತ್ತು. ಹುಡುಗಿ ಎರಡೂ ಕೈಯಲ್ಲಿ ಫೋನು ಹಿಡಿದು, ಅವಸರವಿಲ್ಲದೆ, ಕಲಿಸಿದ ಕ್ರಮದಲ್ಲೇ ವಿಳಾಸ ಹೇಳುತ್ತಿದ್ದಳು. "ನಂಗೆ ಗೋಡಂಬಿ ಅಲರ್ಜಿ. ಪೆನ್ನು ಚುಚ್ಕೊಂಡಿದ್ದೀನಿ. ಹೂಂ, ಅಮ್ಮ ಇಲ್ಲೇ ಇದ್ದಾಳೆ."

ಆಮೇಲಿನದೆಲ್ಲ ಅಮ್ಮನಿಗೆ ಚೂರುಚೂರಾಗಿ ನೆನಪು. ತಾನು ಫೋನು ಕಿತ್ತುಕೊಂಡದ್ದು, ಬಾಯಿಂದ ಮಾತೇ ಹೊರಡದೆ ಮತ್ತೆ ಮಗಳ ಕೈಗೇ ಕೊಟ್ಟದ್ದು. ಆಂಬುಲೆನ್ಸಿನಲ್ಲಿ ತನ್ನ ಕಾಲಲ್ಲಿ ಚಪ್ಪಲಿ ಇಲ್ಲದಿರುವುದು ಕಂಡದ್ದು.

ಆಸ್ಪತ್ರೆಯ ಕೋಣೆಯಲ್ಲಿ ಹಸಿರು ಪರದೆ, ಒಂದು ಮಂಚ, ಕಾಲು ಅಲ್ಲಾಡುವ ಒಂದು ಸ್ಟೂಲು. ಸಮಯಕ್ಕೆ ಸರಿಯಾಗಿ ಔಷಧಿ ಬಿದ್ದಿದೆ, ಆದರೂ ಮತ್ತೆ ಮರುಕಳಿಸಬಹುದು, ಕತ್ತಲಾಗುವ ತನಕ ಇಲ್ಲೇ ಇರಲಿ ಎಂದರು. ಮಿಡತೆಯ ತುಟಿ ಮೆಲ್ಲನೆ ಅವಳದಾಗುತ್ತ ಬಂತು. ಗೋಡೆಯಾಚೆ ಯಾರೋ ಟ್ರಾಲಿ ತಳ್ಳಿಕೊಂಡು ಹೋಗುತ್ತಿದ್ದರು. ಅದರ ಒಂದು ಗಾಲಿ ಪ್ರತಿ ಸುತ್ತಿಗೂ ಕಿರ್ ಅನ್ನುತ್ತಿತ್ತು.

ಅಪ್ಪ ಗ್ರೀಸ್ ಮೆತ್ತಿದ ಅಂಗಿಯಲ್ಲೇ ಓಡಿಬಂದಿದ್ದ. ಮಗಳ ತಲೆ ಸವರಿ, ಅವಳ ಮುಖಕ್ಕೆ ಕರಿ ಹತ್ತಿಸಿ, ನರ್ಸಿನಿಂದ ಬೈಸಿಕೊಂಡು, ಮನೆಗೆ ಹೋಗಿ ಬಟ್ಟೆಯನ್ನೂ ಆ ಬಿಸ್ಕತ್ತಿನ ಹೊದಿಕೆಯನ್ನೂ ತಂದ. ಇಬ್ಬರೂ ಅದನ್ನು ಬೆಳಕಿಗೆ ಹಿಡಿದು ಓದಿದರು. ಹೊದಿಕೆಯ ಬಣ್ಣ ಅದೇ, ಹೆಸರು ಅದೇ. ಹಿಂಬದಿಯ ಸಣ್ಣ ಅಕ್ಷರದ ಸಾಲಿನಲ್ಲಿ, ಸಕ್ಕರೆಯ ಆಚೆ, ಹೊಸದಾಗಿ ಗೋಡಂಬಿ ಹಿಟ್ಟು ಬಂದು ಸೇರಿತ್ತು.

"ಪ್ರತಿ ಸಲ ಓದ್ಬೇಕು ಅಂತ ಅವಳಿಗೆ ಹೇಳ್ಕೊಟ್ಟವಳು ನಾನು," ಅಂದಳು ಅಮ್ಮ.

"ಇಷ್ಟು ವರ್ಷ ಅದನ್ನೇ ತಿಂದಿದ್ದಾಳೆ ಕಣೇ. ಯಾರು ತಾನೇ ಓದ್ತಿದ್ರು?"

"ನಾನು ಓದ್ಬೇಕಿತ್ತು."

ಅಪ್ಪ ಹೊದಿಕೆಯನ್ನು ಮಡಿಸಿ ಜೇಬಿಗಿಟ್ಟುಕೊಂಡ. ಚಹಾ ತರುತ್ತೇನೆಂದು ಎದ್ದು ಹೋದ.

ಮಿಡತೆ ದಿಂಬಿನ ಮೇಲೆ ತಲೆ ಹೊರಳಿಸಿದಳು. "ಅಮ್ಮ, ನಂಗೆ ಮೊದಲು ಹೆದರಿಕೆ ಆಯ್ತು. ಆಮೇಲೆ ನೀನು ಹೆದರ್ಲೇ ಇಲ್ವಲ್ಲ, ಅದಕ್ಕೆ ನಾನೂ ಹೆದರ್ಲಿಲ್ಲ. ಜೋರಾಗಿ ಎಣಿಸು ಅಂದ್ಯಲ್ಲ, ಆಗ ಇನ್ನೇನಿಲ್ಲ ಅನ್ನಿಸ್ತು."

ಅಮ್ಮ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ಸುಮ್ಮನಿದ್ದುಬಿಡಬಹುದಿತ್ತು. ಈ ಮಗುವಿನ ಧೈರ್ಯ ನಿಂತಿರುವುದೇ ಆ ಒಂದು ಮಾತಿನ ಮೇಲೆ; ಅದನ್ನು ಕಿತ್ತುಕೊಳ್ಳುವುದು ಯಾಕೆ? ಆದರೆ ಕಾಲರ್ ಅಕ್ಕನ ಮಾತು ನೆನಪಾಯಿತು. ಚಪ್ಪಲಿ ಹಾಕಿಕೊಂಡು, ಚಪ್ಪಲಿ ಬಿಟ್ಟು. ಫ್ಯಾಕ್ಟರಿಯಿಂದ ಸೀಟಿಯನ್ನು ಮನೆಗೆ ತಂದಿದ್ದಳು, ಸೈರನ್ ತಂದಿರಲಿಲ್ಲ. ಇವತ್ತು ಸುಮ್ಮನಿದ್ದರೆ ಮನೆಯಲ್ಲಿ ಅದು ಎಂದಿಗೂ ಇರುವುದಿಲ್ಲ.

"ನಾನು ಅಭ್ಯಾಸ ಅಂದ್ಕೊಂಡಿದ್ದೆ ಕಣೇ," ಅಂದಳು. "ನೀನು ದಿನಾ ಮಾಡ್ತೀಯಲ್ಲ, ಹಾಗೇ ಅಂದ್ಕೊಂಡೆ. ಕಣ್ಣೇ ತೆಗೀಲಿಲ್ಲ ನಾನು."

ಮಿಡತೆ ಅವಳನ್ನೇ ನೋಡಿದಳು. ಟ್ರಾಲಿಯ ಗಾಲಿ ಕಿರ್ ಎನ್ನುತ್ತ ಆ ಕಡೆ ಹೋಗಿ, ಈ ಕಡೆ ಬಂತು.

"ಹಾಗಾದ್ರೆ ನಾನು ಒಬ್ಬಳೇ ಇದ್ನಾ?"

"ಹೂಂ."

ಅಳುತ್ತಾಳೆ ಎಂದು ಅಮ್ಮ ಕೈ ಚಾಚಿದಳು. ಮಿಡತೆ ಅತ್ತಳು ಕೂಡ, ಸದ್ದಿಲ್ಲದೆ, ಮುಖವನ್ನು ಆ ಕಡೆ ತಿರುಗಿಸಿ. ಅಮ್ಮನ ಕೈಯನ್ನು ತಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಅಮ್ಮ ಕೈಯನ್ನು ಹಾಗೇ ಮಂಚದ ಮೇಲೆ ಬಿಟ್ಟಳು. ತೋಳು ಸೋತು ನೋಯುತ್ತಿದ್ದರೂ ತೆಗೆಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಗೋಡೆಯ ಕಡೆಯಿಂದ ದನಿ ಬಂತು. "ಹಾಗಾದ್ರೆ ನಾನು ಪಾಸು."

"ನೀನು ಪಾಸು. ನಾನೇ ಫೇಲು."

"ನಿಂಗೆ ಇನ್ನೊಂದು ಸಲ ಪರೀಕ್ಷೆ ಕೊಡ್ತಾರಾ?"

"ನೀನು ಕೊಟ್ರೆ ಉಂಟು."

ಮಿಡತೆ ಮೂಗೊರೆಸಿಕೊಂಡು ಈ ಕಡೆ ತಿರುಗಿದಳು. ಪೂರ್ತಿ ಕ್ಷಮಿಸಿದ ಮುಖವೇನಲ್ಲ ಅದು. ಅಮ್ಮ ಅವಳಿಗೆ ಫ್ಯಾಕ್ಟರಿಯ ಸೀಟಿಯ ಬಗ್ಗೆ, ಸೈರನ್ನಿನ ಬಗ್ಗೆ ಹೇಳಿದಳು. ನಿಜವಾಗಿ ಏನಾದರೂ ಆದರೆ ಹೇಳಲು, ಆಟಕ್ಕೆ ಎಂದೂ ಬಳಸದ ಒಂದು ಮಾತು ಬೇಕು ಅಂದಳು. ಮಿಡತೆ ಯೋಚಿಸಿ, "ಚಪ್ಪಲಿ ಬಿಡು ಅಂತೀನಿ," ಅಂದಳು. ಚಹಾ ಹಿಡಿದು ಬಂದ ಅಪ್ಪ, ತಾಯಿ ಮಗಳಿಬ್ಬರೂ ಅಲ್ಲೇ ನಗುತ್ತಲೂ ಅಳುತ್ತಲೂ ಇರುವುದು ಯಾಕೆಂದು ತಿಳಿಯದೆ, ಎರಡು ಲೋಟ ಹಿಡಿದು ಪರದೆಯ ಬಳಿಯೇ ನಿಂತ.

ಭಾನುವಾರ ಅಮ್ಮ ಮನೆಯ ಡಬ್ಬಿಗಳನ್ನೆಲ್ಲ ಅಡುಗೆಮನೆಯ ನೆಲಕ್ಕೆ ಇಳಿಸಿ ಒಂದೊಂದಾಗಿ ಓದಿದಳು. ಅರ್ಧಕ್ಕೆ ಬಂದಾಗ ಬೆನ್ನು ಹಿಡಿದುಕೊಂಡಿತು. ಅಲ್ಲೇ ಕಾಲು ಚಾಚಿ ಕೂತವಳಿಗೆ, ನಿನ್ನೆಯಿಂದ ಒಳಗೆಲ್ಲೋ ಚುಚ್ಚುತ್ತಿದ್ದದ್ದು ಏನು ಎಂಬುದು ಆಗ ಹೊಳೆಯಿತು. ಓದದೆ ಕೊಟ್ಟದ್ದು ತನ್ನ ತಪ್ಪು, ಸರಿ. ಕಣ್ಣು ತೆಗೆಯದಿದ್ದದ್ದೂ ತನ್ನ ತಪ್ಪೇ. ಆದರೆ ಅತ್ತೆ ಕೊಟ್ಟರೆ ಪ್ಯಾಕೆಟ್ ಕೇಳುವ, ಟೀಚರ್ ಕೊಟ್ಟರೆ ಬೇಡ ಅನ್ನುವ ಹುಡುಗಿ, ಬಟ್ಟಲಿನಲ್ಲಿ ಬಿಸ್ಕತ್ತು ಬಂದಾಗ ಯಾಕೆ ಒಂದು ಮಾತೂ ಕೇಳಲಿಲ್ಲ? ಕೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಮ್ಮ ಗೆಳತಿಯ ತಾಯಿಯಾಗಿದ್ದಳು, ಟೀಚರ್ ಆಗಿದ್ದಳು, ಡ್ರೈವರ್ ಮಾಮ ಆಗಿದ್ದಳು. ಲೋಕದಲ್ಲಿ ಈ ಮಗುವಿಗೆ ಎಲ್ಲರಿಗಿಂತ ಹೆಚ್ಚು ತಿನ್ನಿಸುವವಳ ವೇಷವನ್ನು ಮಾತ್ರ ಹಾಕಿರಲಿಲ್ಲ.

ನಾಳೆ ಮೇಷ್ಟ್ರಿಗೆ ಉತ್ತರ ಹೇಳಬೇಕು. ಪೆನ್ನಿನ ಬಗ್ಗೆ, ಫೋನಿನ ಬಗ್ಗೆ ಅವಳಿಗೆ ಈಗ ಅನುಮಾನವಿಲ್ಲ. ಉಳಿದದ್ದು ಇದೊಂದೇ. ಮುಂದಿನ ತಿಂಗಳಿಂದ ದಿನಾ ಮಧ್ಯಾಹ್ನ ಬಟ್ಟಲಿಗೆ ಏನಾದರೂ ಹಾಕಿ ಮುಚ್ಚಿಟ್ಟು ಹೋಗುವವಳು ತಾನೇ, ಅದೂ ಇಷ್ಟೇ ದಣಿದ ಕೈಯಲ್ಲಿ. ಒಂದಲ್ಲ ಒಂದು ದಿನ ಆ ಕೈ ಮತ್ತೆ ತಪ್ಪುತ್ತದೆ.

ಅವಳು ಎದ್ದು, ಬ್ರೆಡ್ಡಿನ ಎರಡು ತುಂಡಿಗೆ ಜಾಮ್ ಹಚ್ಚಿ ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದಳು. ಬ್ರೆಡ್ಡಿನ ಹೊದಿಕೆ, ಜಾಮಿನ ಬಾಟಲಿ ಎರಡನ್ನೂ ಓದಿಯೇ ಹಚ್ಚಿದ್ದಳು. ಮಿಡತೆ ಭೂಪಟದ ಉಳಿದ ಸಮುದ್ರಕ್ಕೆ ನೀಲಿ ಹಚ್ಚುತ್ತಿದ್ದಳು. ಕುರ್ಚಿಯಲ್ಲಿ ಅಪ್ಪ ತೂಕಡಿಸುತ್ತಿದ್ದ.

"ಅಭ್ಯಾಸ," ಅಂದಳು ಅಮ್ಮ, ಮೊದಲೇ, ಸ್ಪಷ್ಟವಾಗಿ.

ಮಿಡತೆ ತಲೆಯೆತ್ತಿದಳು. "ಈಗ ಯಾರು ನೀನು? ಟೀಚರಾ?"

"ಅಲ್ಲ."

"ಡ್ರೈವರ್ ಮಾಮ?"

"ನಿಮ್ಮಮ್ಮ."

ಹುಡುಗಿ ನಕ್ಕಳು, ಅಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. ಎದ್ದು ಕೂತಳು.

"ತಗೋ, ತಿನ್ನು," ಅಂದಳು ಅಮ್ಮ.

"ಓದಿದ್ಯಾ?"

"ಓದಿದ್ದೀನಿ. ತಿನ್ನು."

ಮಿಡತೆಯ ಕೈ ತಟ್ಟೆಯತ್ತ ಹೋಯಿತು, ಅರ್ಧದಲ್ಲಿ ನಿಂತಿತು. "ನಿಜವಾಗ್ಲೂ ಓದಿದ್ಯಲ್ಲ?"

"ಅಮ್ಮನ ಮೇಲೆ ನಂಬಿಕೆ ಇಲ್ವಾ ನಿಂಗೆ?" ಅಂದಳು ಅಮ್ಮ. ಬೇಜಾರಾದ ದನಿಯಲ್ಲೇ ಹೇಳಬೇಕಿತ್ತು, ಹೇಳಿದಳು. ಅದಕ್ಕೆ ಅಭಿನಯವೇನೂ ಬೇಕಾಗಲಿಲ್ಲ. "ನಿಂಗೋಸ್ಕರ ಬೆಳಗಿಂದ ನಿಂತಿದ್ದೀನಿ. ತಿನ್ನಮ್ಮ, ಸುಸ್ತಾಗಿದೆ ನಂಗೆ."

ಅಪ್ಪ ಕಣ್ಣು ಬಿಟ್ಟು ಇಬ್ಬರನ್ನೂ ನೋಡಿದ. ಈ ಸಲ ಏನೂ ತಮಾಷೆ ಮಾಡಲಿಲ್ಲ.

ಮಿಡತೆ ತುಟಿ ಕಚ್ಚಿದಳು. ಅತ್ತೆಗೆ ಹೇಳಿದಷ್ಟು ಸುಲಭವಾಗಿರಲಿಲ್ಲ ಅದು, ಕಣ್ಣಲ್ಲಿ ನೀರಾಡಿತು. "ಬೇಡ ಅಮ್ಮ," ಅಂದಳು ಕೊನೆಗೆ. "ಪ್ಯಾಕೆಟ್ ಎಲ್ಲಿ? ಬಾಟಲಿ ಎಲ್ಲಿ? ನಾನೇ ನೋಡ್ತೀನಿ."

"ಒಳಗಿದೆ."

ಹುಡುಗಿ ನೆಲದ ತುಂಬ ಹರಡಿದ್ದ ಡಬ್ಬಿಗಳ ಮೇಲೆ ನೆಗೆದು ಅಡುಗೆಮನೆಗೆ ಹೋದಳು. ಮೊದಲು ಬ್ರೆಡ್ಡಿನ ಹೊದಿಕೆಯನ್ನು ತಿರುಗಿಸಿ ತಿರುಗಿಸಿ, ತುಟಿಯಾಡಿಸುತ್ತ, ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದತೊಡಗಿದಳು. ಅಮ್ಮ ತಟ್ಟೆ ಹಿಡಿದು ನಿಂತೇ ಇದ್ದಳು. ಕಾಲು ಸೋತಿತ್ತು, ಕುರ್ಚಿಯಲ್ಲಿ ಅಪ್ಪ ಇದ್ದ. ಅವನು ಎದ್ದು ಜಾಗ ಕೊಟ್ಟರೂ ಅವಳು ಕೂರಲಿಲ್ಲ. ಒಳಗಿನಿಂದ ಇನ್ನೂ ಓದುವ ಪಿಸುದನಿ ಬರುತ್ತಿತ್ತು. ಈಗಷ್ಟೇ ಹೊದಿಕೆ ಮುಗಿದು ಬಾಟಲಿ ಶುರುವಾಗಿತ್ತು.